ಆಯಿಲ್ ಕುಡಿಯುವ ಎಂಜಿನ್, ಅಳತೆ ಕೇಳುವ ವಾರಂಟಿ

ಎಂಜಿನ್ ಆಯಿಲ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಆದರೂ ಪ್ರತಿಯೊಂದು ಎಂಜಿನ್ನೂ ಅದನ್ನು ಸ್ವಲ್ಪ ಸ್ವಲ್ಪವಾಗಿ ಸುಡುತ್ತಲೇ ಇರುತ್ತದೆ. ಪಿಸ್ಟನ್ನು ಸಿಲಿಂಡರಿನ ಗೋಡೆಯ ಮೇಲೆ ಸರಾಗವಾಗಿ ಜಾರಬೇಕಾದರೆ ಆ ಗೋಡೆಗೆ ಆಯಿಲಿನ ತೆಳು ಪದರ ಅಂಟಿಕೊಂಡಿರಲೇಬೇಕು. ಪೆಟ್ರೋಲ್ ಹೊತ್ತಿಕೊಳ್ಳುವುದೂ ಅದೇ ಗೋಡೆಗಳ ನಡುವೆ. ಹಾಗಾಗಿ ಪದರದ ಒಂದು ಅಂಶ ಬೆಂಕಿಗೆ ಸಿಕ್ಕಿ ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಹೋಗುತ್ತದೆ. ಒಳ್ಳೆಯ ಎಂಜಿನ್ನಿನಲ್ಲಿ ಈ ನಷ್ಟ ಎಷ್ಟು ಕಡಿಮೆಯೆಂದರೆ ಒಂದು ಸರ್ವಿಸಿನಿಂದ ಇನ್ನೊಂದರವರೆಗೆ ಡಿಪ್‌ಸ್ಟಿಕ್ಕಿನಲ್ಲಿ ಅದು ಕಂಡೂ ಕಾಣದಂತಿರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಮಾತ್ರ ಸಾವಿರ, ಎರಡು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಮಟ್ಟ ಕೆಳಗಿನ ಗುರುತಿಗೆ ಇಳಿದಿರುತ್ತದೆ. ಗ್ಯಾರೇಜಿನವರ ಮಾತಿನಲ್ಲಿ ಅಂಥ ಗಾಡಿ ‘ಆಯಿಲ್ ಕುಡಿಯುತ್ತದೆ’.

ಕುಡಿಯುವುದೆಂದರೆ ಎಷ್ಟು ಎಂಬುದನ್ನು ಒಂದು ಲೆಕ್ಕದಿಂದ ಮನಗಾಣಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ನಾಲ್ಕು ಸಿಲಿಂಡರಿನ ಕಾರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಒಂದು ಕಿ.ಮೀ. ದೂರಕ್ಕೆ ಅದು 2,000 ಸುತ್ತು ಹಾಕುತ್ತದೆ. 2,000 ಕಿ.ಮೀ.ಗೆ ಒಂದು ಲೀಟರ್ ಖಾಲಿಯಾಗುವುದೆಂದರೆ ಕಿ.ಮೀ.ಗೆ ಅರ್ಧ ಮಿಲಿಲೀಟರ್, ಸುಮಾರು ಹತ್ತು ಹನಿ. ಹಂಚಿ ನೋಡಿದರೆ ಒಂದೊಂದು ಸಿಲಿಂಡರಿನಲ್ಲಿ 800 ಸುತ್ತಿಗೆ ಒಂದು ಹನಿ. ಇಷ್ಟು ಸಣ್ಣ ಸೋರಿಕೆ ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಎಷ್ಟೋ ಸಲ ಸೈಲೆನ್ಸರಿನಲ್ಲಿ ಹೊಗೆಯಾಗಿಯೂ ತೋರದು, ಏಕೆಂದರೆ ಇಂದಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಅದರಲ್ಲಿ ಬಹುಪಾಲನ್ನು ಸುಟ್ಟುಬಿಡುತ್ತದೆ. ಆದರೆ ಅದೇ ವೇಗದಲ್ಲಿ 10,000 ಕಿ.ಮೀ. ಓಡಿದಾಗ ಹೋದದ್ದು ಐದು ಲೀಟರ್. ಸಾಮಾನ್ಯ ಕಾರಿನ ಎಂಜಿನ್ನಿಗೆ ಹಿಡಿಸುವುದೇ ಮೂರರಿಂದ ಐದು ಲೀಟರ್.

ಆಯಿಲನ್ನು ತಡೆದು ನಿಲ್ಲಿಸುವ ಮುಖ್ಯ ಹೊಣೆ ಪಿಸ್ಟನ್ ರಿಂಗ್‌ಗಳದು. ಸಾಮಾನ್ಯವಾಗಿ ಒಂದು ಪಿಸ್ಟನ್ನಿಗೆ ಮೂರು ರಿಂಗ್. ಮೇಲಿನೆರಡು ಉರಿಯುವ ಅನಿಲದ ಒತ್ತಡ ಕೆಳಗಿಳಿಯದಂತೆ ನೋಡಿಕೊಳ್ಳುತ್ತವೆ. ಮೂರನೆಯದು ಆಯಿಲ್ ರಿಂಗ್: ಎರಡು ತೆಳು ಉಕ್ಕಿನ ಬಳೆಗಳು, ನಡುವೆ ಅವನ್ನು ಗೋಡೆಗೆ ಒತ್ತುವ ಸ್ಪ್ರಿಂಗು. ಪಿಸ್ಟನ್ ಇಳಿಯುವಾಗ ಈ ಬಳೆಗಳು ಗೋಡೆಯ ಮೇಲಿನ ಹೆಚ್ಚುವರಿ ಆಯಿಲನ್ನು ಕೆರೆದು ತೆಗೆಯುತ್ತವೆ. ಕೆರೆದ ಆಯಿಲ್ ರಿಂಗು ಕೂರುವ ತೋಡಿನಲ್ಲಿರುವ ಸಣ್ಣ ತೂತುಗಳ ಮೂಲಕ ಪಿಸ್ಟನ್ನಿನ ಒಳಕ್ಕೆ, ಅಲ್ಲಿಂದ ತಳದ ಚೇಂಬರಿಗೆ ಮರಳುತ್ತದೆ. ಕೆಡುಕು ಹೆಚ್ಚಾಗಿ ಶುರುವಾಗುವುದು ಈ ತೂತುಗಳಲ್ಲೇ. ಕಾವಿಗೆ ಬೆಂದ ಆಯಿಲ್ ಅಲ್ಲಿ ಮಸಿಯಾಗಿ ಕಟ್ಟಿಕೊಂಡರೆ ಮರಳುವ ದಾರಿ ಮುಚ್ಚುತ್ತದೆ, ರಿಂಗು ತನ್ನ ತೋಡಿನಲ್ಲಿ ಅಂಟಿ ಕೂರುತ್ತದೆ, ಸ್ಪ್ರಿಂಗಿನ ಒತ್ತಡ ಗೋಡೆಗೆ ತಲುಪುವುದಿಲ್ಲ. ಕೆರೆಯಲಾಗದ ಆಯಿಲ್ ಮೇಲೆ ಹೋಗಿ ಸುಡುತ್ತದೆ, ಸುಟ್ಟದ್ದು ಮತ್ತಷ್ಟು ಮಸಿಯಾಗುತ್ತದೆ. ಒಮ್ಮೆ ಶುರುವಾದ ರೋಗ ತಾನಾಗಿ ವಾಸಿಯಾಗದೆ ಬೆಳೆಯುತ್ತ ಹೋಗುವುದು ಇದರಿಂದಲೇ.

ಇನ್ನೊಂದು ದಾರಿ ವಾಲ್ವುಗಳದು. ವಾಲ್ವಿನ ಕಡ್ಡಿಗೆ ತೊಡಿಸಿದ ರಬ್ಬರ್ ಸೀಲು ವರ್ಷಗಳ ಕಾವಿಗೆ ಗಡುಸಾದಾಗ ಆಯಿಲ್ ಮೇಲಿನಿಂದ ಒಳಗಿಳಿಯುತ್ತದೆ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದ ಕ್ಷಣ ಒಮ್ಮೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ಗುಮಾನಿ ಸೀಲಿನ ಮೇಲೆ. ಚಾರ್ಮಾಡಿಯಂಥ ಘಾಟಿಯನ್ನು ಆಕ್ಸಿಲರೇಟರ್ ಬಿಟ್ಟು ಗೇರಿನ ಹಿಡಿತದಲ್ಲಿ ಇಳಿಯುವಾಗ ಸಿಲಿಂಡರಿನೊಳಗೆ ಗಾಳಿಯ ಸೆಳೆತ ಹೆಚ್ಚಿರುತ್ತದೆ. ಕೆಳಗೆ ತಲುಪಿ ಆಕ್ಸಿಲರೇಟರ್ ಒತ್ತಿದೊಡನೆ ಹಿಂದೆ ನೀಲಿ ಮೋಡ ಎದ್ದರೆ ಅದೂ ಇದೇ ಸೂಚನೆ. ಏರಿನಲ್ಲಿ ಭಾರ ಎಳೆಯುವಾಗ ಹೊಗೆ ಬಿಡದೆ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ರಿಂಗುಗಳನ್ನು. ಇವಲ್ಲದೆ ತಳದ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಂಡಿರಬಹುದು, ಟರ್ಬೊದ ಸೀಲು ಸವೆದಿರಬಹುದು. ಪಿಸಿವಿ ವಾಲ್ವ್ ಅಗ್ಗದ ಭಾಗ. ಎಂಜಿನ್ ಬಿಚ್ಚುವ ಮಾತು ಬರುವ ಮೊದಲೇ ಅದನ್ನು ಪರೀಕ್ಷಿಸುವುದು ನ್ಯಾಯ. ಗ್ಯಾಸ್ಕೆಟ್, ಡ್ರೈನ್ ಬೋಲ್ಟ್, ಕ್ರ್ಯಾಂಕಿನ ಆಯಿಲ್ ಸೀಲುಗಳಿಂದ ಹೊರಗೆ ಸೋರುವುದು ಬೇರೆಯೇ ದೋಷ. ನಿಂತ ಜಾಗದಲ್ಲಿ ರಾತ್ರಿ ರಟ್ಟು ಹಾಸಿದರೆ ಅದು ಗೊತ್ತಾಗಿಬಿಡುತ್ತದೆ.

ಹೊಸ ಕಾರುಗಳಲ್ಲೂ ಈ ತೊಂದರೆ ಕಾಣಿಸಿಕೊಳ್ಳಲು ಮೈಲೇಜಿನ ಬೆನ್ನಟ್ಟಿದ ವಿನ್ಯಾಸವೂ ಒಂದು ಕಾರಣ. ರಿಂಗುಗಳು ಗೋಡೆಗೆ ಗಟ್ಟಿಯಾಗಿ ಒತ್ತಿದಷ್ಟೂ ಘರ್ಷಣೆ ಹೆಚ್ಚು, ಇಂಧನ ಖರ್ಚೂ ಹೆಚ್ಚು. ಆದ್ದರಿಂದ ತಯಾರಕರು ಸ್ಪ್ರಿಂಗಿನ ಒತ್ತಡ ಇಳಿಸಿದರು, ಜೊತೆಗೆ 0ಡಬ್ಲ್ಯು-20ರಂಥ ನೀರುನೀರಾದ ಆಯಿಲ್‌ಗೆ ಹೋದರು. ಎಲ್ಲ ಭಾಗವೂ ಅಳತೆಗೆ ಸರಿಯಾಗಿದ್ದರೆ ಇದರಿಂದ ಲಾಭವೇ. ಆದರೆ ತಪ್ಪು ತಡೆದುಕೊಳ್ಳುವ ಅಂತರ ಕಿರಿದಾಯಿತು.

ಟೊಯೋಟದ 2.4 ಲೀಟರಿನ 2ಎಝಡ್-ಎಫ್ಇ ಎಂಜಿನ್ ಈ ವಿಷಯದಲ್ಲಿ ಪಾಠದಂಥ ಉದಾಹರಣೆ. ಅಮೆರಿಕದಲ್ಲಿ ಮಾರಾಟವಾದ 2007ರಿಂದ 2009ರ ಕ್ಯಾಮ್ರಿ ಮತ್ತು ಅದೇ ಕಾಲದ ಇನ್ನು ಕೆಲವು ಮಾದರಿಗಳಲ್ಲಿ ಆಯಿಲ್ ವಿಪರೀತ ಖರ್ಚಾಗುತ್ತಿದೆಯೆಂಬ ದೂರುಗಳು ಬಂದವು. ಪಿಸ್ಟನ್ ಮತ್ತು ರಿಂಗುಗಳ ವಿನ್ಯಾಸವನ್ನು ಕಂಪನಿ ಬದಲಿಸಿತು, 2011ರಲ್ಲಿ ಡೀಲರುಗಳಿಗೆ ದುರಸ್ತಿಯ ತಾಂತ್ರಿಕ ಸೂಚನೆ ಕಳಿಸಿತು, 2015ರಲ್ಲಿ ಈ ಒಂದು ದೋಷಕ್ಕೆಂದೇ ವಾರಂಟಿಯನ್ನು ವಿಸ್ತರಿಸಿತು. ಉಚಿತ ದುರಸ್ತಿಗೆ ಇಟ್ಟ ಗೆರೆ 1,200 ಮೈಲಿಗೆ ಒಂದು ಕ್ವಾರ್ಟ್. ಮೆಟ್ರಿಕ್ ಅಳತೆಯಲ್ಲಿ ಹೆಚ್ಚುಕಡಿಮೆ 2,000 ಕಿ.ಮೀ.ಗೆ ಒಂದು ಲೀಟರ್. ಇಂಥದೇ ದೂರಿನ ಮೇಲೆ ಸುಬಾರು ಕಾರುಗಳ ಮಾಲೀಕರು 2014ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಟ್ಟಾಗಿ ದಾವೆ ಹೂಡಿದರು. 2016ರ ರಾಜಿಯಲ್ಲಿ ಅವರ ಎಂಜಿನ್ ವಾರಂಟಿ 8 ವರ್ಷ ಅಥವಾ 1,00,000 ಮೈಲಿಗೆ ಏರಿತು. ಜನರಲ್ ಮೋಟರ್ಸ್‌ನ 5.3 ಲೀಟರ್ ಎಂಜಿನ್ನಿನ ಮೊಕದ್ದಮೆಯಲ್ಲಿ 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜ್ಯೂರಿ ಮಾಲೀಕರಿಗೆ 10.26 ಕೋಟಿ ಡಾಲರ್ ಕೊಡಬೇಕೆಂದು ತೀರ್ಪು ಕೊಟ್ಟಿತು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹೊತ್ತಿಲ್ಲವೆಂದು ನಿಶ್ಚಿಂತೆಯಿಂದಿರುವುದು ಅಪಾಯದ ತಪ್ಪು. ಆ ದೀಪ ತೋರಿಸುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಪಂಪು ಎಳೆದುಕೊಳ್ಳಲು ಆಯಿಲ್ ಸಾಲದಾದಾಗ ಮಾತ್ರ ಒತ್ತಡ ಬೀಳುತ್ತದೆ; ಅಷ್ಟರಲ್ಲಿ ಬೇರಿಂಗುಗಳು ಬರಿದಾಗಿ ಉಜ್ಜತೊಡಗಿರುತ್ತವೆ. ಕೆಲವು ಕಾರುಗಳಲ್ಲಿ ಮಟ್ಟ ಹೇಳುವ ಬೇರೆ ಸೆನ್ಸರ್ ಉಂಟು, ಎಲ್ಲದರಲ್ಲೂ ಇಲ್ಲ. ಆಯಿಲ್ ಸಾಲದೆ ಹೋಗುವುದಷ್ಟೇ ಅಪಾಯವಲ್ಲ, ಸುಡುವ ಆಯಿಲೂ ಹಾನಿ ಮಾಡುತ್ತದೆ. ಸವೆತ ತಡೆಯಲೆಂದು ಆಯಿಲಿಗೆ ಬೆರೆಸಿರುವ ರಂಜಕ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲ್ಮೈಯನ್ನು ಮುಚ್ಚಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ, ಸ್ಪಾರ್ಕ್ ಪ್ಲಗ್ಗಿನ ಮೇಲೆ ಮಸಿ ಕಟ್ಟುತ್ತದೆ. ಆ ಭಾಗಗಳು ಕೆಟ್ಟಾಗ ಮೂಲ ಕಾರಣವನ್ನು ಕೇಳದೆ ಅವನ್ನಷ್ಟೇ ಬದಲಿಸಿದರೆ ಹೊಸವೂ ಹಾಗೆಯೇ ಹಾಳಾಗುತ್ತವೆ.

ಸರ್ವಿಸ್ ಸೆಂಟರಿನಲ್ಲಿ ಇಂಥ ದೂರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಉತ್ತರ ‘ಇದು ನಾರ್ಮಲ್’. ಆ ಮಾತಿಗೆ ಕಾಗದದ ಬಲವೂ ಇದೆ. ಮಾಲೀಕರ ಕೈಪಿಡಿಗಳಲ್ಲಿ ಗರಿಷ್ಠ ಖರ್ಚೆಂದು ಬಹಳ ಉದಾರವಾದ ಅಂಕಿ ಇರುತ್ತದೆ, 1,000 ಕಿ.ಮೀ.ಗೆ ಒಂದು ಲೀಟರ್ ಎಂದು ಬರೆದ ಕೈಪಿಡಿಗಳು ಟೊಯೋಟದಂಥ ಹೆಸರುವಾಸಿ ಕಂಪನಿಗಳಲ್ಲೂ ಇವೆ. ಇನ್ನು ಕೆಲವು ಕಂಪನಿಗಳು ಅದರ ಅರ್ಧವನ್ನು ಮಿತಿಯಾಗಿ ಇಟ್ಟುಕೊಂಡಿವೆ. 10,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಿದರೆ ಸಾಕೆಂದು ಹೇಳುವ ತಯಾರಕರೇ 1,000 ಕಿ.ಮೀ.ಗೆ ಒಂದು ಲೀಟರ್ ಸಹಜ ಎನ್ನುವುದು ಒಂದಕ್ಕೊಂದು ಹೊಂದದ ಮಾತು: ಆ ಲೆಕ್ಕದಲ್ಲಿ ಒಂದು ಸರ್ವಿಸಿನೊಳಗೆ ಎಂಜಿನ್ ಕಡಿಮೆಯೆಂದರೂ ಎರಡು ಸಲ ಬರಿದಾಗಬೇಕು. ಈ ಅಂಕಿ ಎಂಜಿನ್ನಿನ ಆರೋಗ್ಯದ ಅಳತೆಯಲ್ಲ, ಕಂಪನಿ ತನ್ನ ಹೊಣೆಗೆ ಎಳೆದುಕೊಂಡ ಗೆರೆ. ಕ್ಯಾಮ್ರಿಯ ಪ್ರಕರಣದಲ್ಲಿ ಉಚಿತ ದುರಸ್ತಿಗೆ ಇಟ್ಟ ಗೆರೆ ಕೈಪಿಡಿಯ ಅಂಕಿಯ ಅರ್ಧದಷ್ಟಿತ್ತು ಎಂಬುದೇ ಇದಕ್ಕೆ ಸಾಕ್ಷಿ. ಹಾಗೆಂದು ಹೊಸ ಎಂಜಿನ್ನಿನ ಮೊದಲ ಕೆಲವು ಸಾವಿರ ಕಿ.ಮೀ.ಗಳಲ್ಲಿ ರಿಂಗುಗಳು ಗೋಡೆಗೆ ಹೊಂದಿಕೊಳ್ಳುವವರೆಗೆ ಖರ್ಚು ತುಸು ಹೆಚ್ಚಿರುವುದು ಸಹಜವೇ. ಅದು ಕ್ರಮೇಣ ಇಳಿಯಬೇಕು. ಇಳಿಯದೆ ಏರುತ್ತಿದ್ದರೆ ದೋಷವಿದೆ.

ಆದ್ದರಿಂದ ವಾರಂಟಿಯ ವ್ಯವಹಾರವೆಲ್ಲ ಅಳತೆಯ ಮೇಲೆ ನಿಂತಿದೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಿಸಿಯಾದ ಎಂಜಿನ್ ಆರಿಸಿ, ಆಯಿಲ್ ತಳಕ್ಕೆ ಇಳಿಯಲು ಐದು-ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮೊದಲ ಸಲ ಎಳೆದದ್ದನ್ನು ಒರೆಸಿ, ಮತ್ತೆ ಅದ್ದಿ ನೋಡಿದ್ದೇ ನಿಜವಾದ ಮಟ್ಟ. ಅನೇಕ ಕಾರುಗಳಲ್ಲಿ ಮೇಲಿನ, ಕೆಳಗಿನ ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಪ್ರತಿ ಸಲವೂ ಒಂದೇ ಜಾಗ, ಒಂದೇ ಕ್ರಮ ಇರಬೇಕು. ಒಂದು ದಿನ ತಣ್ಣಗಿನ ಎಂಜಿನ್ನಿನಲ್ಲಿ, ಇನ್ನೊಂದು ದಿನ ಬಿಸಿಯಾದದ್ದರಲ್ಲಿ ನೋಡಿದ ಅಂಕಿಗಳು ಒಂದಕ್ಕೊಂದು ಹೋಲಿಕೆಗೆ ಬರುವುದಿಲ್ಲ. ಡಿಪ್‌ಸ್ಟಿಕ್ಕಿನ ಫೋಟೊ, ಓಡೋಮೀಟರಿನ ಫೋಟೊ, ತಾರೀಕು, ಟಾಪ್-ಅಪ್‌ಗೆ ಹಾಕಿದ ಪ್ರಮಾಣ, ಅದರ ಬಿಲ್ಲು: ಇಷ್ಟು ಸೇರಿದರೆ ‘ಆಯಿಲ್ ತುಂಬಾ ಕುಡಿಯುತ್ತದೆ’ ಎಂಬ ದೂರು ‘1,840 ಕಿ.ಮೀ.ಗೆ 900 ಮಿಲಿಲೀಟರ್’ ಎಂಬಂಥ ಅಂಕಿಯಾಗಿ ಬದಲಾಗುತ್ತದೆ.

ಈ ಅಳತೆಯಲ್ಲಿ ಒಂದು ಮೋಸದ ಜಾಗವೂ ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲೆ ಭಾರತದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಸಾಮಾನ್ಯವಾಯಿತು. ಕಟ್ಟಿದ ಮಸಿಯನ್ನು ಸುಡಲು ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೆ ನಿಂತಾಗ ಉಳಿದ ಡೀಸೆಲ್ ಗೋಡೆ ಹಿಡಿದು ಇಳಿದು ಆಯಿಲಿಗೆ ಬೆರೆಯುತ್ತದೆ. ಒಂದು ಕಡೆ ಆಯಿಲ್ ಸುಟ್ಟು ಇಳಿಯುತ್ತಿದ್ದರೂ ಇನ್ನೊಂದು ಕಡೆ ಡೀಸೆಲ್ ಸೇರಿ ಮಟ್ಟ ನಿಂತಲ್ಲೇ ನಿಂತಂತೆ ತೋರಬಹುದು. ಹೆದ್ದಾರಿಯಲ್ಲಿ ದೂರ ಹೋಗಿಬಂದಾಗ ಬೆರೆತ ಇಂಧನದ ಒಂದು ಅಂಶ ಆವಿಯಾಗಿ ಮಟ್ಟ ಕುಸಿದಂತೆ ಕಾಣಬಹುದು. ಆಯಿಲಿನಲ್ಲಿ ಡೀಸೆಲ್ ವಾಸನೆ ಬರುತ್ತಿದೆಯೇ, ಮಟ್ಟ ಮೇಲಿನ ಗುರುತು ದಾಟಿದೆಯೇ ಎಂದು ನೋಡುವುದೂ ಆದ್ದರಿಂದ ಅಗತ್ಯ.

ಅಂಕಿ ಕೈಯಲ್ಲಿದ್ದಾಗ ಕೇಳಬೇಕಾದ್ದು ಅಧಿಕೃತ ಆಯಿಲ್ ಖರ್ಚಿನ ಪರೀಕ್ಷೆ. ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ಸರ್ವಿಸ್ ಸೆಂಟರ್ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಮೇಲಿನ ಗುರುತಿನವರೆಗೆ ತುಂಬುತ್ತದೆ. ಡಿಪ್‌ಸ್ಟಿಕ್, ಫಿಲ್ಲರ್ ಮುಚ್ಚಳ, ಡ್ರೈನ್ ಬೋಲ್ಟುಗಳಿಗೆ ಬಣ್ಣ ಬಳಿದೋ ಸೀಲು ಅಂಟಿಸಿಯೋ ಗುರುತು ಮಾಡುತ್ತದೆ. ಗೊತ್ತಾದ ದೂರ ಓಡಿಸಿ ತಂದ ಮೇಲೆ ಕೊರತೆಯನ್ನು ಅಳೆಯುತ್ತದೆ. ಆಯಿಲ್ ಪೂರ್ತಿ ಇಳಿಸಿ ತೂಗುವ ವಿಧಾನ ಡಿಪ್‌ಸ್ಟಿಕ್ ನೋಡುವುದಕ್ಕಿಂತ ನಂಬಿಕೆಗೆ ಅರ್ಹ. ಒಂದು ಲೀಟರ್ ಆಯಿಲ್ ಸುಮಾರು 850 ಗ್ರಾಂ ತೂಗುತ್ತದೆ. ಪರೀಕ್ಷೆಯ ನಡುವೆ ಆಯಿಲ್ ತೀರಾ ಇಳಿದರೆ ಎಂಜಿನ್ ಬಲಿಕೊಟ್ಟು ದೂರ ಪೂರೈಸಬೇಕಾಗಿಲ್ಲ. ಸರ್ವಿಸ್ ಸೆಂಟರಿನಲ್ಲೇ ಸೀಲು ಬಿಚ್ಚಿಸಿ, ಹಾಕಿದ ಪ್ರಮಾಣವನ್ನು ಬರೆಸಬೇಕು. ಮೊದಲ ದೂರಿನ ದಿನವೇ ಅದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯುವುದು ಇಡೀ ಪ್ರಯತ್ನದಲ್ಲಿ ಅತಿ ಮುಖ್ಯವಾದ ಹೆಜ್ಜೆ. ಪರೀಕ್ಷೆ, ಮರುಪರೀಕ್ಷೆ ಎಂದು ತಿಂಗಳುಗಳು ಉರುಳಿ ವಾರಂಟಿ ಮುಗಿದುಹೋಗಬಹುದು. ಅವಧಿಯೊಳಗೆ ದಾಖಲಾದ ದೂರು ಆಗ ಆಧಾರಕ್ಕೆ ಬರುತ್ತದೆ, ಬಾಯಿಮಾತಿನದು ಬರುವುದಿಲ್ಲ.

ಕಂಪನಿ ವಾರಂಟಿ ನಿರಾಕರಿಸುವಾಗ ಹುಡುಕುವುದು ಸರ್ವಿಸಿನ ಇತಿಹಾಸದ ಬಿರುಕುಗಳನ್ನು. ತಡವಾದ ಆಯಿಲ್ ಬದಲಾವಣೆ, ಕೈಪಿಡಿಯಲ್ಲಿ ಹೇಳದ ಗ್ರೇಡು, ಬಿಲ್ಲಿಲ್ಲದ ಟಾಪ್-ಅಪ್ ಎಲ್ಲವೂ ಅದಕ್ಕೆ ನೆಪ. ಖರ್ಚು ತಗ್ಗಲೆಂದು ದಪ್ಪ ಆಯಿಲ್ ಹಾಕುವುದು, ಅಂಗಡಿಯ ಸೇರ್ಪಡೆ ದ್ರವ ಸುರಿಯುವುದು ವಾರಂಟಿಯಿರುವ ಕಾರಿಗೆ ಎರಡು ಬಗೆಯಲ್ಲಿ ಕೆಡುಕು: ದೋಷ ಕೆಲಕಾಲ ಮರೆಯಾಗುತ್ತದೆ, ನಿರಾಕರಣೆಗೆ ಕಾರಣವೂ ಸಿಗುತ್ತದೆ.

ಪರೀಕ್ಷೆಯಲ್ಲಿ ದೋಷ ಸಾಬೀತಾದಾಗ ಕಂಪ್ರೆಷನ್ ಪರೀಕ್ಷೆ, ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಗೋಡೆ ನೋಡುವುದು ಮುಂದಿನ ಹಂತ. ಒಂದು ಎಚ್ಚರಿಕೆ ಇಲ್ಲಿ ಬೇಕು: ಆಯಿಲ್ ರಿಂಗ್ ಮಾತ್ರ ಅಂಟಿಕೊಂಡ ಎಂಜಿನ್ನಿನಲ್ಲಿ ಕಂಪ್ರೆಷನ್ ಸರಿಯಾಗಿಯೇ ಬರಬಹುದು, ಏಕೆಂದರೆ ಒತ್ತಡ ಹಿಡಿಯುವ ಮೇಲಿನ ರಿಂಗುಗಳು ಚೆನ್ನಾಗಿಯೇ ಇರುತ್ತವೆ. ‘ಕಂಪ್ರೆಷನ್ ಸರಿ ಇದೆ, ಎಂಜಿನ್ ಸರಿ ಇದೆ’ ಎಂಬ ತೀರ್ಮಾನವನ್ನು ಅದಕ್ಕೇ ಒಪ್ಪಲಾಗದು. ಗೋಡೆಗೆ ಗೀರು ಬೀಳದಿದ್ದರೆ ಪಿಸ್ಟನ್, ರಿಂಗುಗಳ ಬದಲಾವಣೆ ಸಾಕು. ಬಿದ್ದಿದ್ದರೆ ಬ್ಲಾಕನ್ನೇ ಬದಲಿಸಬೇಕಾಗಬಹುದು. ಹಳೆಯ ವಿನ್ಯಾಸದ್ದೇ ಭಾಗ ಮತ್ತೆ ಕೂಡಿಸಿದರೆ ರೋಗವೂ ಮರಳುತ್ತದೆ. ಹಾಗಾಗಿ ಹಾಕಿದ ಭಾಗಗಳ ಸಂಖ್ಯೆ ಬಿಲ್ಲಿನಲ್ಲಿ ಇರುವಂತೆ ನೋಡಿಕೊಳ್ಳಬೇಕು. ಹೊಸ ರಿಂಗು ಹೊಂದಿಕೊಂಡ ಮೇಲೆ ಅದೇ ಕ್ರಮದಲ್ಲಿ ಮತ್ತೊಮ್ಮೆ ಅಳೆಯಬೇಕು.

ಕಂಪನಿ ಒಪ್ಪದಿದ್ದರೆ ಭಾರತದಲ್ಲಿ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯದು. ಮೊದಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಅಲ್ಲಿ ಮಧ್ಯಸ್ಥಿಕೆಯ ಯತ್ನವಷ್ಟೇ ಸಾಧ್ಯ. ಮುಂದಿನದು ಗ್ರಾಹಕ ಆಯೋಗ. ಕಾರಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ ಸಲ್ಲುತ್ತದೆ. ಕಂಪನಿಯ ಕಚೇರಿ ಬೇರೆ ರಾಜ್ಯದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು ಈ ಕಾಯ್ದೆಯಲ್ಲಿ ಬಂದ ದೊಡ್ಡ ಅನುಕೂಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅದು ದಾಖಲಾಗಬೇಕು. ತಯಾರಿಕೆಯಲ್ಲೇ ದೋಷವಿದೆ ಎಂಬ ವಾದಕ್ಕೆ ತಜ್ಞರ ವರದಿಯಿಲ್ಲದೆ ಬಲ ಬರುವುದು ಕಷ್ಟ. ಪರೀಕ್ಷೆಯಿಲ್ಲದೆ ದೋಷ ತೀರ್ಮಾನಿಸಲಾಗದ ವಸ್ತುವನ್ನು ಪ್ರಯೋಗಾಲಯಕ್ಕೆ ಒಪ್ಪಿಸುವ ಅಧಿಕಾರ ಆಯೋಗಕ್ಕಿದೆ. ಅದರ ಶುಲ್ಕವನ್ನು ದೂರುದಾರರು ಕಟ್ಟಬೇಕಾಗಬಹುದು. ಒಂದೇ ಮಾದರಿಯ ಕಾರಿನಲ್ಲಿ ಒಂದೇ ದೋಷ ಹಲವರನ್ನು ಕಾಡುತ್ತಿದ್ದರೆ, ಆಯೋಗದ ಅನುಮತಿ ಪಡೆದು ಒಬ್ಬರು ಎಲ್ಲರ ಪರವಾಗಿ ದೂರು ಸಲ್ಲಿಸುವ ಅವಕಾಶವನ್ನೂ ಕಾಯ್ದೆಯ 35ನೆಯ ಸೆಕ್ಷನ್ ಕೊಟ್ಟಿದೆ.