ಮಗು ಅತ್ತರೆ ನೋವೆಂದೇ ಅರ್ಥವೇ?

ಶಾಲೆಗೆ ರಜೆ ಸಿಕ್ಕಿತೆಂದರೆ ನಮ್ಮ ಮನೆಗಳಲ್ಲಿ ಸುನ್ನತ್‌ನ ಮಾತು ಶುರು. ಹಿಂದೆ ಮಾವನೋ ಅಜ್ಜನೋ ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಕೆಲಸ ಮುಗಿಯುತ್ತಿತ್ತು. ಈಗ ನಾವು ಆಸ್ಪತ್ರೆಗೆ ಹೋಗುತ್ತೇವೆ, ಅಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಡ್ತಾರೆ. ಆದರೆ ಇಂಜೆಕ್ಷನ್ ಕೊಟ್ಟದ್ದು ಬೇರೆ, ಅದು ಹಿಡಿದದ್ದು ಬೇರೆ. ಹಿಡಿದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ದೊಡ್ಡವರಾದರೆ ಕೇಳಬಹುದು. ಮೂರು ವರ್ಷದ ಮಗುವನ್ನು "ನೋವಾಗ್ತದಾ ಮೋನೇ?" ಎಂದರೆ, ಹೆದರಿದ ಮಗು ಬರೀ ಮುಟ್ಟಿದ್ದಕ್ಕೂ ಹೌದು ಎನ್ನುತ್ತದೆ. ಇನ್ನೊಂದು ಮಗು ಬಾಯಿಯೇ ಬಿಡುವುದಿಲ್ಲ.

ಹಾಗಾಗಿ ಅರಿವಳಿಕೆ ವೈದ್ಯರು ಮಗುವಿನ ದೇಹವನ್ನೇ ಕೇಳುತ್ತಾರೆ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ನಿದ್ದೆ ಬರಿಸಿ, ಆಮೇಲೆ ಬೆನ್ನಿನ ಬುಡದಲ್ಲಿ 'ಕಾಡಲ್ ಬ್ಲಾಕ್' ಕೊಡುವ ಕ್ರಮ ಉಂಟು. ಅದು ಹಿಡಿಯಲು ಸುಮಾರು 10-15 ನಿಮಿಷ ಬೇಕು. ನಂತರ ಚಿಮುಟದಿಂದ ಚರ್ಮ ಚಿವುಟಿ ನೋಡುತ್ತಾರೆ. ಮಗು ಕೊಸರಿದರೆ, ಉಸಿರು ಬಿರುಸಾದರೆ, ಎದೆಬಡಿತ ಮೊದಲಿಗಿಂತ ಶೇ. 15-20ರಷ್ಟು ಏರಿದರೆ ಬ್ಲಾಕ್ ಸರಿಯಾಗಿ ಹಿಡಿದಿಲ್ಲ ಎಂದು ಲೆಕ್ಕ. ಆಗ ಬೇರೆ ನೋವಿನ ಮದ್ದು ಕೊಡುತ್ತಾರೆ. ನಿದ್ದೆ ಗಾಢವಾಗಿದ್ದರೆ ಈ ಗುರುತುಗಳೂ ಮಸುಕಾಗುತ್ತವೆ. ಆದ್ದರಿಂದ ಎಚ್ಚರವಾದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ.

ಆಗ ಬಳಕೆಗೆ ಬರುವುದು 1997ರಲ್ಲಿ ಪ್ರಕಟವಾದ 'ಫ್ಲಾಕ್' ಅಳತೆ. ಮುಖ, ಕಾಲು, ಚಲನೆ, ಅಳು, ಸಮಾಧಾನ, ಹೀಗೆ ಐದು. ಒಂದೊಂದಕ್ಕೆ 0ಯಿಂದ 2 ಅಂಕ, ಒಟ್ಟು 10. ಅಂಕ ಏರಿದಷ್ಟೂ ನೋವು ಜಾಸ್ತಿ. ಅಳು ಇಲ್ಲಿ ಐದರಲ್ಲಿ ಒಂದು ಮಾತ್ರ. ಹಸಿವು, ಹೆದರಿಕೆ, ಅರಿವಳಿಕೆ ಇಳಿಯುವಾಗಿನ ಗಲಿಬಿಲಿ, ಯಾವುದಕ್ಕೂ ಮಗು ಅಳಬಹುದು. ಉಮ್ಮನ ಮಡಿಲು ಸಿಕ್ಕಿದ ಕೂಡಲೇ ಸುಮ್ಮನಾದರೆ ಹೆಚ್ಚಾಗಿ ಅದು ದೊಡ್ಡ ನೋವಲ್ಲ. ಮುಖ ಕಿವುಚಿ, ಕಾಲು ಹೊಟ್ಟೆಗೆ ಎಳೆದುಕೊಂಡು, ಎತ್ತಿಕೊಂಡರೂ ಅಳು ನಿಲ್ಲದಿದ್ದರೆ ತಡಮಾಡದೆ ನರ್ಸ್‌ಗೆ ಹೇಳಬೇಕು. ಸದ್ದಿಲ್ಲದೆ ಬಿಗಿದುಕೊಂಡು ಮಲಗಿದ ಮಗುವನ್ನೂ "ಪಾಪ, ಒಳ್ಳೆ ಹುಡುಗ" ಎಂದು ಬಿಟ್ಟುಬಿಡಬಾರದು.

ನಾವು ಮಾಡಬೇಕಾದದ್ದೂ ಉಂಟು. ಯಾವ ಇಂಜೆಕ್ಷನ್, ಎಷ್ಟು ಹೊತ್ತು ಇರ್ತದೆ ಎಂದು ಮೊದಲೇ ಕೇಳೋಣ. ಕಾಡಲ್ ಆದ ಮೇಲೆ ಕೆಲವು ಗಂಟೆ ಕಾಲಿಗೆ ಶಕ್ತಿ ಕಡಿಮೆ ಇರಬಹುದು, ಅವಸರದಲ್ಲಿ ನಡೆಸುವುದು ಬೇಡ. ಅದರ ಪ್ರಭಾವ ಸಾಮಾನ್ಯವಾಗಿ 4ರಿಂದ 6 ಗಂಟೆ. ನೋವು ಶುರುವಾಗುವುದು ಮನೆಗೆ ಬಂದ ಮೇಲೆ, ನೆಂಟರು ತುಂಬಿರುವಾಗ. ವೈದ್ಯರು ಬರೆದ ನೋವಿನ ಮದ್ದನ್ನು ಅದಕ್ಕೆ ಮೊದಲೇ, ಹೇಳಿದ ಹೊತ್ತಿಗೆ ಕೊಡಬೇಕು. "ಗಂಡು ಹುಡುಗ ಅಳ್ತಾನಾ?" ಎಂದು ಬಾಯಿ ಮುಚ್ಚಿಸಿದರೆ, ನೋವು ಹೇಳಲು ಮಗುವಿಗಿರುವ ಒಂದು ದಾರಿಯನ್ನು ನಾವೇ ಮುಚ್ಚಿದ ಹಾಗೆ.