ಗೆದ್ದವರು ಒಬ್ಬರು, ಕುರ್ಚಿ ಇನ್ನೊಬ್ಬರಿಗೆ!

ಊರ ಸಭೆಗಳ ಬಹುಮತ ಕಪ್ಪೆ ತಕ್ಕಡಿ ಆಗೋದು ಹೇಗೆ? ಮೈಸೂರು, ಹಾಸನ, ಅರಸೀಕೆರೆ ಕಲಿಸಿದ ಪಾಠ

ಚೌಳಹಿರಿಯೂರು: ನಮ್ಮ ಹೋಬಳಿಯ ಜನ ಗ್ರಾಮ ಪಂಚಾಯಿತಿಗೆ ಓಟು ಹಾಕುವಾಗ ಕೈ, ಕಮಲ, ತೆನೆ ಹೊತ್ತ ಮಹಿಳೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಪಂಚಾಯಿತಿ ಚುನಾವಣೆ ಕಾನೂನು ಪ್ರಕಾರ ಪಕ್ಷರಹಿತ. ಯಾರು ಯಾರ ಕಡೆಯವರು ಅನ್ನೋದು ಊರಿಗೆಲ್ಲ ಗೊತ್ತು, ಆ ಮಾತು ಬೇರೆ! ಆದರೆ ಬಸ್ ಹತ್ತಿ ಕಡೂರಲ್ಲೋ ಬೀರೂರಲ್ಲೋ ಇಳಿದರೆ ಲೆಕ್ಕವೇ ಬೇರೆ. ಅಲ್ಲಿ ಪುರಸಭೆ. 23 ವಾರ್ಡು, ಪಕ್ಷದ ಚಿಹ್ನೆ, ಪಕ್ಷದ ಬಾವುಟ, ಪಕ್ಷದ ಜಗಳ.

‘ನಮಗೇನ್ರೀ ಅದರಿಂದ? ಓಟು ನಮ್ಮದಲ್ಲ’ ಎನ್ನುವವರು ಇದ್ದಾರೆ. ಹಾಗನ್ನುವ ಹಾಗಿಲ್ಲ. ಬಸ್ ಇಳಿದು ಕಾಲಿಡುವ ರಸ್ತೆ, ಮೂಗು ಮುಚ್ಚಿಕೊಂಡು ದಾಟುವ ಚರಂಡಿ, ಸಂಜೆ ವಾಪಸು ಬರುವಾಗ ಉರಿಯಬೇಕಾದ ಬೀದಿ ದೀಪ, ಸಂತೆಯಲ್ಲಿ ಕೊಡುವ ಸುಂಕ, ಮಳಿಗೆಯ ಹರಾಜು, ಬಾಡಿಗೆ, ಅಂಗಡಿಯ ಪರವಾನಗಿ... ಇಷ್ಟೂ ಆ ಸಭೆಯ ಕೈಲಿದೆ. ಓಟು ಅವರದ್ದು, ಪಾಡು ಎಲ್ಲರದ್ದೂ.

ಅಂಥ ಸಭೆಯಲ್ಲಿ ಜನ ಗೆಲ್ಲಿಸಿದ್ದು ಒಂದು ಪಕ್ಷವನ್ನ, ಕುರ್ಚಿ ಮೇಲೆ ಕೂತಿದ್ದು ಇನ್ನೊಂದು ಪಕ್ಷ ಎಂದರೆ ಹೇಗಾಗಬೇಡ? ಇದು ಕಟ್ಟುಕತೆಯಲ್ಲ. ನಮ್ಮ ರಾಜ್ಯದಲ್ಲಿ ಒಂದಲ್ಲ, ನಾಲ್ಕಾರು ಊರಲ್ಲಿ ಕಣ್ಣಾರೆ ನಡೆದದ್ದು.

ಒಂದೇ ಚುನಾವಣೆ, ಐದು ಮೇಯರು, ಮೂರು ಪಕ್ಷ

ಮೊದಲು ಮೈಸೂರನ್ನೇ ತಗೊಳ್ಳಿ. 2018ರ ಆಗಸ್ಟ್ 31ರಂದು ಅಲ್ಲಿನ ಮಹಾನಗರ ಪಾಲಿಕೆಯ 65 ವಾರ್ಡುಗಳಿಗೆ ಮತದಾನ ಆಯಿತು. ಸೆಪ್ಟೆಂಬರ್ 3ಕ್ಕೆ ಎಣಿಕೆ. ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18, ಬಿಎಸ್‌ಪಿ 1, ಪಕ್ಷೇತರರು 5. ಯಾರಿಗೂ ಬಹುಮತ ಇಲ್ಲ. ದೊಡ್ಡ ಪಕ್ಷ ಬಿಜೆಪಿಯೇ ಆದರೂ ಕೈಗೆ ಬಂದದ್ದು ಏನೂ ಇಲ್ಲ. ಆಗ ವಿಧಾನಸೌಧದಲ್ಲಿ ಕಾಂಗ್ರೆಸ್-ಜೆಡಿಎಸ್ ಸಂಸಾರ. ಅದೇ ಸಂಸಾರ ಮೈಸೂರಿಗೂ ಬಂತು. 2018ರ ನವೆಂಬರ್‌ನಲ್ಲಿ ಕಾಂಗ್ರೆಸ್ಸಿನ ಪುಷ್ಪಲತಾ ಜಗನ್ನಾಥ್ ಮೇಯರ್ ಆದರು. 2020ರ ಜನವರಿಯಲ್ಲಿ ಜೆಡಿಎಸ್‌ನ ತಸ್ನೀಂ ಸರದಿ.

ಅಷ್ಟು ಹೊತ್ತಿಗೆ ವಿಧಾನಸೌಧದ ಸಂಸಾರ ಒಡೆದು ಹೋಗಿತ್ತು. 2021ರ ಫೆಬ್ರವರಿಯಲ್ಲಿ ಮೂರನೇ ಮೇಯರ್ ಚುನಾವಣೆ ಬಂದಾಗ ಮೈತ್ರಿ ಉಂಟೋ ಇಲ್ಲವೋ ಎಂಬುದೇ ಯಾರಿಗೂ ತಿಳಿಯದು. ಕೊನೇ ಗಳಿಗೆಯಲ್ಲಿ ಕಾಂಗ್ರೆಸ್ಸಿನವರು ಜೆಡಿಎಸ್ ಅಭ್ಯರ್ಥಿಗೆ ಕೈ ಎತ್ತಿದರು. ರುಕ್ಮಿಣಿ ಮಾದೇಗೌಡ ಗೆದ್ದರು. ಬಿಜೆಪಿಯನ್ನು ದೂರ ಇಡಲು ಹಾಗೆ ಮಾಡಿದೆವು ಎಂಬ ಸಮಜಾಯಿಷಿ ಬಂತು. ಆದರೆ ಮೇಯರ್ ಸ್ಥಾನ ನಮಗೇ ಸಿಗಬೇಕಿತ್ತು ಎಂದು ಕಾಂಗ್ರೆಸ್ ಮನೆಯಲ್ಲೇ ಬೆಂಕಿ ಹೊತ್ತಿತು.

ಹೆಚ್ಚು ದಿನ ಆಗಲಿಲ್ಲ. ಆಸ್ತಿ ವಿವರ ಸರಿಯಾಗಿ ಕೊಟ್ಟಿಲ್ಲವೆಂಬ ತಕರಾರಿನ ಮೇಲೆ ಹೈಕೋರ್ಟು ಮೇ ತಿಂಗಳಲ್ಲಿ ರುಕ್ಮಿಣಿಯವರ ಸದಸ್ಯತ್ವ ರದ್ದಾಗುವಂಥ ತೀರ್ಪು ಕೊಟ್ಟಿತು. ಮತ್ತೆ ಚುನಾವಣೆ. ಈ ಸಲ ಕಾಂಗ್ರೆಸ್ಸೂ ಜೆಡಿಎಸ್ಸೂ ಬೇರೆ ಬೇರೆ ನಿಂತವು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ! 2021ರ ಆಗಸ್ಟ್ 25ರಂದು 26 ಮತ ಪಡೆದ ಸುನಂದಾ ಪಾಲನೇತ್ರ ಮೈಸೂರಿನ ಮೊದಲ ಬಿಜೆಪಿ ಮೇಯರ್ ಆದರು. 2022ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬೆಂಬಲದಿಂದ ಬಿಜೆಪಿಯ ಶಿವಕುಮಾರ್ ಗೆದ್ದರು. ಉಪಮೇಯರ್ ಹುದ್ದೆ ಜೆಡಿಎಸ್‌ಗೆ ಎಂದು ಮಾತಾಗಿತ್ತಂತೆ. ಆ ಪಕ್ಷದ ಅಭ್ಯರ್ಥಿಯ ನಾಮಪತ್ರ ಜಾತಿ ಪ್ರಮಾಣಪತ್ರ ಇಲ್ಲವೆಂದು ತಿರಸ್ಕೃತವಾಗಿ, ಅದೂ ಬಿಜೆಪಿ ಪಾಲಾಯಿತು!

ಲೆಕ್ಕ ಹಾಕಿ. ಜನ ಬೆರಳಿಗೆ ಶಾಯಿ ಹಚ್ಚಿಸಿಕೊಂಡದ್ದು ಒಂದು ಸಲ. ಆದದ್ದು ಐದು ಮೇಯರು, ಮೂರು ಪಕ್ಷ. ಅದೇ ಕಾಂಗ್ರೆಸ್, ಅದೇ ಜೆಡಿಎಸ್, ಅದೇ ಬಿಜೆಪಿ. ನಿನ್ನೆಯ ಬೀಗರು ಇಂದು ವೈರಿಗಳು, ಇಂದಿನ ವೈರಿಗಳು ನಾಳೆ ಬೀಗರು. 2023ರ ನವೆಂಬರ್‌ಗೆ ಅವಧಿ ಮುಗಿದು ಪಾಲಿಕೆ ಆಡಳಿತಾಧಿಕಾರಿ ಕೈಗೆ ಹೋಯಿತು.

ನೂರು ಗೆದ್ದರೂ ಸಾಲಲಿಲ್ಲ

ಮೈಸೂರಲ್ಲಿ ಯಾರಿಗೂ ಬಹುಮತ ಇರಲಿಲ್ಲ, ಸರಿ. ಬಹುಮತ ಇದ್ದರೆ? ಬೆಂಗಳೂರಿನ ಕತೆ ಕೇಳಿ. 2015ರ ಆಗಸ್ಟ್‌ನಲ್ಲಿ ಬಿಬಿಎಂಪಿಯ 198 ವಾರ್ಡುಗಳಲ್ಲಿ ಬಿಜೆಪಿ ಸರಿಯಾಗಿ 100 ಗೆದ್ದಿತು. ಕಾಂಗ್ರೆಸ್ 76, ಜೆಡಿಎಸ್ 14, ಉಳಿದವರು 8. ನೂರು ಎಂದರೆ ಅರ್ಧಕ್ಕಿಂತ ಮೇಲೆ. ಪಟಾಕಿ ಹೊಡೆದರು, ಲಾಡು ಹಂಚಿದರು.

ಆದರೆ ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರುಗಳಷ್ಟೇ ಕೈ ಎತ್ತುವುದಿಲ್ಲ. ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ತಿನವರಿಗೂ ಮತ ಉಂಟು. ಎಲ್ಲ ಸೇರಿ ಒಟ್ಟು ಮತ 260. ಅಲ್ಲಿಗೆ ನೂರರ ಬೆಲೆ ಇಳಿಯಿತು. ಪಕ್ಷೇತರರು ರಾತ್ರೋರಾತ್ರಿ ಊರು ಬಿಟ್ಟರು. ಕೇರಳದ ರೆಸಾರ್ಟಿನಲ್ಲಿ ಇದ್ದಾರೆಂದು ಸುದ್ದಿ ಬಂತು. ಸೆಪ್ಟೆಂಬರ್ 11ರಂದು ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ ಮೇಯರ್ ಆದರು! ಜೆಡಿಎಸ್‌ಗೆ ಉಪಮೇಯರ್ ಪಟ್ಟ. ನಾಲ್ಕು ವರ್ಷ ಇದೇ ನಡೆಯಿತು. 2019ರ ಜುಲೈನಲ್ಲಿ ಮೇಲಿನ ಸರ್ಕಾರ ಬಿದ್ದು ಬಿಜೆಪಿ ಬಂದ ಮೇಲೆ, ಅಕ್ಟೋಬರ್ 1ರಂದು ಬಿಜೆಪಿಯ ಎಂ. ಗೌತಮ್ ಕುಮಾರ್ ಮೇಯರ್. ಮೇಲೆ ಗಾಳಿ ಯಾವ ಕಡೆಯೋ ಕೆಳಗೂ ಅದೇ ಕಡೆ ತೂರು.

2020ರ ಸೆಪ್ಟೆಂಬರ್‌ಗೆ ಆ ಅವಧಿ ಮುಗಿಯಿತು. ಆಮೇಲೆ ಬಿಬಿಎಂಪಿಗೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆದವು.

ದೇವರು ವರ ಕೊಟ್ಟರೂ...

ಇದೆಲ್ಲ ದೊಡ್ಡ ಊರ ದೊಡ್ಡ ಆಟ ಅಂತೀರಾ? ರೈಲು ಹತ್ತಿ ಪಕ್ಕದ ಅರಸೀಕೆರೆಗೆ ಬನ್ನಿ. ಅಲ್ಲಿನ ನಗರಸಭೆಯಲ್ಲಿ ಜೆಡಿಎಸ್‌ಗೆ ನಿಚ್ಚಳ ಬಹುಮತ. ಯಾರ ಹಂಗೂ ಬೇಕಿಲ್ಲ. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬಂದಾಗ ‘ಪರಿಶಿಷ್ಟ ಪಂಗಡ’ ಎಂದಿತ್ತು. ಜೆಡಿಎಸ್‌ನಲ್ಲಿ ಆ ವರ್ಗದ ಸದಸ್ಯರಿಲ್ಲ. ಬಿಜೆಪಿಯಲ್ಲಿ ಇದ್ದರು. 2020ರಲ್ಲಿ ಬಿಜೆಪಿಯವರೇ ಅಧ್ಯಕ್ಷರಾದರು. ಬಹುಮತದವರು ಎದುರಿನ ಸಾಲಲ್ಲಿ ಕೂತು ನೋಡಬೇಕಾಯಿತು.

ಹಾಸನದಲ್ಲೂ ಇದೇ ರಾಗ. 35 ಸ್ಥಾನಗಳ ನಗರಸಭೆಯಲ್ಲಿ ಜೆಡಿಎಸ್ 17, ಬಿಜೆಪಿ 13. ಅಲ್ಲೂ ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡಕ್ಕೆ. ಬಿಜೆಪಿಯ ಆರ್. ಮೋಹನ್ ಅಧ್ಯಕ್ಷರಾದರು. ಆಗ ರಾಜ್ಯದಲ್ಲಿ ಬಿಜೆಪಿ ಸರ್ಕಾರ. ಮೀಸಲಾತಿ ಪಟ್ಟಿ ಬೇಕೆಂದೇ ಹೀಗೆ ಮಾಡಿದ್ದಾರೆ ಅಂತ ಜೆಡಿಎಸ್‌ನವರು ಕೂಗಿದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಆ ದಿನಗಳಲ್ಲಿ ಆ ಕಡೆ ಬಹಳ ಓಡಾಡಿರಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಮೀಸಲಾತಿ ತಪ್ಪಲ್ಲ. ಹಿಂದುಳಿದವರು, ದಲಿತರು, ಹೆಂಗಸರು ಊರ ಕುರ್ಚಿ ಕಂಡದ್ದೇ ಈ ಪದ್ಧತಿಯಿಂದ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇಲ್ಲದಿದ್ದರೆ ಇವತ್ತಿಗೂ ನಾಲ್ಕು ದೊಡ್ಡ ಮನೆಯವರೇ ಸರದಿ ಮೇಲೆ ಕೂರುತ್ತಿದ್ದರು. ತಕರಾರು ಇರುವುದು ಮೀಸಲಾತಿ ಮೇಲಲ್ಲ, ಪಟ್ಟಿ ಬರುವ ವೇಳೆಯ ಮೇಲೆ. ವಾರ್ಡು ಚುನಾವಣೆಗೆ ಮೊದಲೇ ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಎಂದು ಕೈಗೆ ಕೊಟ್ಟರೆ ಎಲ್ಲ ಪಕ್ಷದವರೂ ಆ ವರ್ಗದವರಿಗೆ ಟಿಕೆಟ್ ಕೊಟ್ಟೇ ಕೊಡುತ್ತಾರೆ. ಯಾರು ಎಷ್ಟು ಗೆದ್ದರು ಎಂದು ನೋಡಿದ ಮೇಲೆ ಪಟ್ಟಿ ಬಂದರೆ ಅನುಮಾನ ಹುಟ್ಟದೆ ಇರುತ್ತದೆಯೇ?

ಅಧ್ಯಕ್ಷರಿಲ್ಲದ ಎರಡು ವರ್ಷ

ಪಟ್ಟಿಯ ಜಗಳ ಕೋರ್ಟು ಹತ್ತಿದರೆ ಆಗುವ ಅನಾಹುತ ಇನ್ನೂ ದೊಡ್ಡದು. 2018ರ ಆಗಸ್ಟ್‌ನಲ್ಲಿ ಮೈಸೂರಿನ ಜತೆಗೆ ರಾಜ್ಯದ ನೂರಕ್ಕೂ ಹೆಚ್ಚು ಊರುಗಳ ಸಭೆಗಳಿಗೆ ಚುನಾವಣೆ ಆಗಿತ್ತು. ಗೆದ್ದ ಸದಸ್ಯರು ಹಾರ ಹಾಕಿಸಿಕೊಂಡರು. ಆದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಆಯ್ಕೆ ಆದದ್ದು 2020ರ ಅಕ್ಟೋಬರ್-ನವೆಂಬರ್‌ನಲ್ಲಿ! ಎರಡು ವರ್ಷ ಸದಸ್ಯರು ಹೆಸರಿಗೆ ಸದಸ್ಯರು. ಅಧಿಕಾರ ಆಡಳಿತಾಧಿಕಾರಿ ಬಳಿ. ಚರಂಡಿ ಕಟ್ಟಿದೆ ಎಂದು ಹೇಳಿದರೆ ‘ಸಾಹೇಬರಿಗೆ ಹೇಳ್ತೀನಿ’ ಎನ್ನುವುದು ಬಿಟ್ಟರೆ ಅವರ ಬಳಿ ಬೇರೆ ಉತ್ತರ ಇರಲಿಲ್ಲ.

ಅಧ್ಯಕ್ಷರ ಅವಧಿ 30 ತಿಂಗಳು. ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಮೇಲೆ ಕುರ್ಚಿ ಖಾಲಿ. ಮೊದಲ ಸಲ ಮೈತ್ರಿ ಸರ್ಕಾರ, ಆಮೇಲೆ ಬಿಜೆಪಿ ಸರ್ಕಾರದ ಕಾಲ, ಎರಡನೇ ಸಲ ಕಾಂಗ್ರೆಸ್ ಸರ್ಕಾರದ ಕಾಲ. ಈ ವಿಷಯದಲ್ಲಿ ಮಾತ್ರ ಪಕ್ಷಭೇದವಿಲ್ಲ!

ಕೂತವರು ಕೆಟ್ಟರೆ ಜನ ಹೋಗಿ ಬೈಯಬಹುದು. ಮುಂದಿನ ಸಲ ಸೋಲಿಸಬಹುದು. ಖಾಲಿ ಕುರ್ಚಿಯನ್ನು ಬೈಯುವುದು ಹೇಗೆ, ಸೋಲಿಸುವುದು ಹೇಗೆ?

ಕಡೂರಿನ ಎರಡು ಮತ

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಕಡೂರು ಪುರಸಭೆಯ 23 ವಾರ್ಡು ಎಂದರೆ 23 ಮತ ಅಲ್ಲ. ಕ್ಷೇತ್ರದ ಶಾಸಕರಿಗೆ ಒಂದು, ಸಂಸದರಿಗೆ ಒಂದು. ಒಟ್ಟು 25. ಬೀರೂರೂ ಇದೇ ಕ್ಷೇತ್ರದ್ದು, ಅಲ್ಲೂ ಇದೇ ಲೆಕ್ಕ. ಸರ್ಕಾರ ನಾಮಕರಣ ಮಾಡುವ ಸದಸ್ಯರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ.

ಸಂಸದರು ಎಂದರೆ ಚಿಕ್ಕಮಗಳೂರು ಕಡೆಯವರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ! ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರಿದ್ದರೂ, ಲೋಕಸಭೆಗೆ ಕಡೂರು ಸೇರಿರುವುದು ಹಾಸನಕ್ಕೆ. ತರೀಕೆರೆ, ಅಜ್ಜಂಪುರದ ಕಡೆಯವರು ಉಡುಪಿ-ಚಿಕ್ಕಮಗಳೂರಿಗೆ. ಹೀಗಾಗಿ ಕಡೂರು ಪುರಸಭೆಯ ಅಧ್ಯಕ್ಷರು ಯಾರು ಎಂಬುದರಲ್ಲಿ ಹಾಸನದ ಸಂಸದರ ಬೆರಳಿಗೂ ಬೆಲೆ ಇದೆ.

2020ರಲ್ಲಿ ಕಡೂರು ಶಾಸಕರು ಬಿಜೆಪಿಯ ಬೆಳ್ಳಿ ಪ್ರಕಾಶ್, ಸಂಸದರು ಜೆಡಿಎಸ್‌ನ ಪ್ರಜ್ವಲ್ ರೇವಣ್ಣ. 2024ರ ಆಗಸ್ಟ್ ಹೊತ್ತಿಗೆ ಶಾಸಕರು ಕಾಂಗ್ರೆಸ್ಸಿನ ಕೆ.ಎಸ್. ಆನಂದ್, ಸಂಸದರು ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್. ನೋಡಿ, ಒಂದು ವಾರ್ಡಿನಲ್ಲೂ ಚುನಾವಣೆ ಆಗದೆ ಎರಡು ಮತ ಆ ಕಡೆಯಿಂದ ಈ ಕಡೆಗೆ! ಸಣ್ಣ ಸಭೆಯಲ್ಲಿ ಎರಡು ಮತ ಎಂದರೆ ಸಣ್ಣ ಮಾತಲ್ಲ. ಸೇರು ಅಳೆಯುವ ಅಂಗಡಿಯವರಿಗೆ ಹಿಡಿಯ ಬೆಲೆ ಹೇಳಿಕೊಡಬೇಕಿಲ್ಲ.

ಜಿಲ್ಲಾ ಕೇಂದ್ರದಲ್ಲೂ ಪಾಠ ಇದೆ. ಚಿಕ್ಕಮಗಳೂರು ನಗರಸಭೆಗೆ 2021ರ ಡಿಸೆಂಬರ್‌ನಲ್ಲಿ ಚುನಾವಣೆ ಆದಾಗ 35ರಲ್ಲಿ ಬಿಜೆಪಿ 18, ಕಾಂಗ್ರೆಸ್ 12, ಜೆಡಿಎಸ್ 2, ಎಸ್‌ಡಿಪಿಐ 1, ಪಕ್ಷೇತರರು 2. ಬರೋಬ್ಬರಿ ಬಹುಮತ. ಯಾರ ಕೈಕಾಲು ಹಿಡಿಯುವ ಹಾಗಿಲ್ಲ. ಆದರೂ ಅಧ್ಯಕ್ಷರ ಕುರ್ಚಿ ಇಂತಿಷ್ಟು ತಿಂಗಳು ನಿನಗೆ, ಇಂತಿಷ್ಟು ತಿಂಗಳು ನನಗೆ ಎಂಬ ಒಳಒಪ್ಪಂದದ ಜಗಳ ಬೀದಿಗೆ ಬಂತು. 2023ರಲ್ಲಿ ಶಾಸಕ ಸ್ಥಾನ ಸಿ.ಟಿ. ರವಿಯವರ ಕೈಯಿಂದ ಕಾಂಗ್ರೆಸ್ಸಿನ ಎಚ್.ಡಿ. ತಮ್ಮಯ್ಯನವರ ಕೈಗೆ ಹೋದ ಮೇಲೆ ಆ ಜಗಳಕ್ಕೆ ಇನ್ನಷ್ಟು ರುಚಿ ಹತ್ತಿತು. ಬಹುಮತ ಇಲ್ಲದ ಕಡೆ ಪರಪಕ್ಷದ ಕಾಟ, ಬಹುಮತ ಇದ್ದ ಕಡೆ ಸ್ವಪಕ್ಷದ ಕಾಟ.

ಕಾನೂನು ಇಲ್ಲವೇ?

ಇದೆ. ಪಕ್ಷಾಂತರ ಮಾಡುವ ಸ್ಥಳೀಯ ಸದಸ್ಯರಿಗೆಂದೇ ರಾಜ್ಯದಲ್ಲಿ 1987ರ ಕಾಯ್ದೆ ಇದೆ. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ಆದರೆ ಈ ಕಾನೂನು ಹಿಡಿಯುವುದು ಒಬ್ಬ ಸದಸ್ಯರನ್ನು. ಇಡೀ ಪಕ್ಷವೇ ನಿನ್ನೆ ಬೈದವರ ಜತೆ ಇಂದು ಊಟಕ್ಕೆ ಕೂತರೆ ಯಾವ ಕಾನೂನೂ ಹಿಡಿಯದು. ಮೈಸೂರಿನಲ್ಲಿ ನಡೆದದ್ದೆಲ್ಲ ಕಾನೂನಿನ ಒಳಗೇ ನಡೆದದ್ದು!

ಹಾಗಾದರೆ ಮತದಾರ ಮಾಡುವುದೇನು? ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಜನ ಸಾಮಾನ್ಯವಾಗಿ ಕೇಳುವುದು ನಲ್ಲಿ, ರಸ್ತೆ, ದೀಪ. ಅದರ ಜತೆಗೆ ಇನ್ನೂ ಮೂರು ಪ್ರಶ್ನೆ ಇರಲಿ. ನಿಮ್ಮ ಪಕ್ಷಕ್ಕೆ ಬಹುಮತ ಬರದಿದ್ದರೆ ಯಾರ ಜತೆ ಹೋಗುತ್ತೀರಿ? ಪಕ್ಷೇತರರಾದರೆ, ನಿಮ್ಮ ಕೈ ಯಾರ ಕಡೆ ಏಳುತ್ತದೆ? ಅಧ್ಯಕ್ಷರ ಕುರ್ಚಿಯನ್ನು ಎಷ್ಟು ಹೋಳು ಮಾಡಿಕೊಂಡಿದ್ದೀರಿ? ನಾಲ್ಕು ಜನರ ಎದುರಿಗೆ ಕೊಟ್ಟ ಉತ್ತರ ಆಮೇಲೆ ನುಂಗುವುದು ಅಷ್ಟು ಸುಲಭವಲ್ಲ.

ವರ್ತಕರಿಗೆ ಇನ್ನೊಂದು ಮಾತು. ಮಳಿಗೆ ಹರಾಜು, ಬಾಡಿಗೆ ಏರಿಕೆ, ಸಂತೆ ಸುಂಕದ ಗುತ್ತಿಗೆ ಎಲ್ಲವೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿರುತ್ತದೆ. ಅದರ ಪ್ರತಿ ಕೇಳುವ ಹಕ್ಕು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ನಿಮಗೆ ಇದೆ. ಅರ್ಜಿಗೆ ಹತ್ತು ರೂಪಾಯಿ. ಯಾವ ಪಕ್ಷ ಕೂತಿದ್ದರೂ ಬರೆದ ಅಕ್ಷರ ಪಕ್ಷಾಂತರ ಮಾಡುವುದಿಲ್ಲ.

ಚೌಳಹಿರಿಯೂರಿನವರಿಗೆ ಇಷ್ಟೆಲ್ಲ ಯಾಕೆ ಎಂದರೆ, ಊರು ಬೆಳೆಯುತ್ತದೆ. ಜನಸಂಖ್ಯೆ ಹತ್ತು ಸಾವಿರ ದಾಟಿದ ಊರು ಪಟ್ಟಣ ಪಂಚಾಯಿತಿ ಆಗಬಹುದು, ಇಪ್ಪತ್ತು ಸಾವಿರ ದಾಟಿದರೆ ಪುರಸಭೆ. ಇವತ್ತು ಪಕ್ಷವಿಲ್ಲದೆ ಓಟು ಹಾಕುವ ಊರಿಗೂ ನಾಳೆ ಕೈ, ಕಮಲ, ತೆನೆ ಬರುವ ದಿನ ಇದೆ. ಆ ದಿನ ಗೆದ್ದವರು ಯಾರು ಎಂದು ಎಣಿಸುವ ಮೊದಲು, ಕೂರುವವರು ಯಾರು ಎಂದು ಕೇಳಿಟ್ಟುಕೊಂಡಿರುವುದು ಒಳ್ಳೆಯದು.