ಕಾಗದದ ಕೆಂಪು ಹೂವು, ಕೈಯಿಂದ ಮಾಡಿದ ಕಾರ್ಡು

ಕಾಗದ ಕತ್ತರಿಸುವ ಈ ಪುಟ್ಟ ಯಂತ್ರ ನೋಡಲು ಕಬ್ಬಿನ ಹಾಲಿನ ಗಾಣದ ಮರಿಯಂತಿದೆ. ಎರಡು ರೋಲರ್, ಪಕ್ಕಕ್ಕೊಂದು ಹಿಡಿ. ಜಲ್ಲೆಯ ಬದಲು ಇದರ ಬಾಯಿಗೆ ಹೋಗುವುದು ಕೆಂಪು ಕಾಗದ ಮತ್ತು ಡೈ, ಅಂದರೆ ಹೂವಿನ ಆಕಾರದಲ್ಲಿ ಅಂಚು ಹರಿತ ಮಾಡಿದ ತೆಳು ಉಕ್ಕಿನ ಅಚ್ಚು. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಲಗೆಯಿಟ್ಟು ಹಿಡಿ ತಿರುಗಿಸಿದರೆ ಕರಕರ ಸದ್ದಿನೊಂದಿಗೆ ಎಲ್ಲವೂ ಆಚೆ ಬರುತ್ತದೆ. ಹಲಗೆ ಎತ್ತಿದರೆ, ಕತ್ತರಿಗೆ ಒಗ್ಗದಷ್ಟು ನಾಜೂಕು ಮೊನೆಯ ಎಸಳುಗಳು!

ಇಂಗ್ಲೆಂಡ್, ಅಮೆರಿಕಗಳಲ್ಲಿ ಮನೆಯಲ್ಲೇ ಕ್ರಿಸ್ಮಸ್ ಕಾರ್ಡು ಮಾಡುವವರಿಗೆ ಅಚ್ಚುಮೆಚ್ಚಿನ ಹೂವುಗಳಲ್ಲೊಂದು ಪಾಯಿನ್‌ಸೆಟ್ಟಿಯಾ. ಬೆಂಗಳೂರಿನ ಕೈತೋಟಗಳಲ್ಲೂ ಚಳಿಗಾಲದಲ್ಲಿ ಕೆಂಪಾಗುವ ಈ ಗಿಡದ ತವರು ಮೆಕ್ಸಿಕೊ. ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೋಯೆಲ್ ಪಾಯಿನ್‌ಸೆಟ್ 1820ರ ದಶಕದಲ್ಲಿ ಅದನ್ನು ತನ್ನ ದೇಶಕ್ಕೆ ಕಳಿಸಿದ. ಹೆಸರು ಅವನದೇ ಉಳಿಯಿತು. ರಾತ್ರಿ ಉದ್ದವಾದಾಗ ಗಿಡ ಬಣ್ಣ ತಳೆಯುವುದರಿಂದ ಹಬ್ಬದ ಹೊತ್ತಿಗೆ ಸರಿಯಾಗಿ ಕೆಂಪಾಗಿರುತ್ತದೆ. ಆದರೆ ಆ ಕೆಂಪು ಎಸಳಲ್ಲ, ಎಲೆ. ನಿಜವಾದ ಹೂವು ನಡುವಿನ ಪುಟ್ಟ ಹಳದಿ ಗೊಂಚಲಿನಲ್ಲಿದೆ.

ಇದು ಗೊತ್ತಿದ್ದವರ ಕೈ ಬೇರೆ ಥರ ಕೆಲಸ ಮಾಡುತ್ತದೆ. ಎಲೆ ಎಂದ ಮೇಲೆ ನಾಳ ಬೇಕಲ್ಲ! ದೊಡ್ಡದು, ನಡುತರದ್ದು, ಸಣ್ಣದು ಎಂದು ಮೂರು ಅಳತೆಯಲ್ಲಿ ಕತ್ತರಿಸಿದ ಕಾಗದಕ್ಕೆ ತುಸುವೇ ನೀರು ಸವರಿ, ಒಂದೊಂದು ಎಲೆಯನ್ನೂ ಉದ್ದಕ್ಕೆ ಮಡಿಸಿ ಬಿಡಿಸುತ್ತಾರೆ. ಆಮೇಲೆ ಮೆತ್ತನೆಯ ಫೋಮ್ ಮೇಲಿಟ್ಟು, ತುದಿಯಲ್ಲಿ ಗುಂಡು ಇರುವ ಕಡ್ಡಿಯಿಂದ ಒತ್ತುತ್ತಾರೆ. ಚಪ್ಪಟೆ ಕಾಗದ ಬಟ್ಟಲಿನಂತೆ ಬಾಗುತ್ತದೆ. ಕೆಳಗಿನ ಸುತ್ತಿನ ಸಂದಿಗೆ ಮೇಲಿನ ಸುತ್ತಿನ ಎಲೆ ಬರುವಂತೆ ಜೋಡಿಸಿ ನಡುವೆ ಹಳದಿ ಮಣಿ ಅಂಟಿಸಿದರೆ ಮುಗಿಯಿತು. ಅಚ್ಚು ಒಂದೇ ಆದರೂ ಇಬ್ಬರು ಮಾಡಿದ ಹೂವು ಒಂದೇ ಥರ ಇರದು. ಈ ಕಲೆಯ ಸೊಗಸೆಲ್ಲ ಇರುವುದು ಯಂತ್ರ ನಿಂತ ಮೇಲಿನ ಈ ಹತ್ತು ನಿಮಿಷದಲ್ಲಿ.

ಮೊದಲ ವ್ಯಾಪಾರಿ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದು ಮಾತ್ರ ಸಮಯ ಉಳಿಸಲು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್, ಎಲ್ಲರಿಗೂ ಹಬ್ಬದ ಪತ್ರ ಬರೆಯಲು ಪುರುಸೊತ್ತಿಲ್ಲದೆ, ಕಲಾವಿದ ಜಾನ್ ಹಾರ್ಸ್‌ಲಿಯಿಂದ ಚಿತ್ರ ಬರೆಸಿ ಸುಮಾರು 1,000 ಕಾರ್ಡು ಅಚ್ಚು ಹಾಕಿಸಿದ. ಒಂದಕ್ಕೆ ಒಂದು ಶಿಲ್ಲಿಂಗ್.

ಕಾಗದದ ಹೂವಿನ ಕಥೆ ಅದಕ್ಕಿಂತ ಹಳೆಯದು. ಇಂಗ್ಲೆಂಡಿನ ಮೇರಿ ಡಿಲೇನಿ ತನ್ನ 72ನೆಯ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ, ಕಪ್ಪು ಹಾಳೆಯ ಮೇಲೆ ಅಂಟಿಸಿ ಹೂವು ಮಾಡತೊಡಗಿದಳು. ಕಣ್ಣು ಮಂದವಾಗುವವರೆಗಿನ ಹತ್ತು ವರ್ಷಗಳಲ್ಲಿ ಮಾಡಿದ್ದು ಸಾವಿರಕ್ಕೆ ತುಸು ಕಡಿಮೆ. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಡೈ ಇಲ್ಲ, ಯಂತ್ರವಿಲ್ಲ, ಬರೀ ಕೈಚಳಕ!

ಮಾಡಿ ನೋಡುವವರಿಗೆ ಕಾಗದದ ಖರ್ಚು ದೊಡ್ಡದಲ್ಲ. ಎ4 ಅಳತೆಯ ದಪ್ಪ ಹಾಳೆಯನ್ನು ಎರಡು ಭಾಗ ಮಾಡಿ ಮಡಿಸಿದರೆ ಎರಡು ಕಾರ್ಡಾಗುತ್ತವೆ. ಎಸಳಿಗೆ ತೆಳು ಕಾಗದವೇ ಸರಿ, ದಪ್ಪನೆಯದು ಬಾಗುವಾಗ ಬಿರಿಯುತ್ತದೆ. ತೊಡಕು ಇರುವುದು ಅಂಚೆಯಲ್ಲಿ, ಉಬ್ಬಿದ ಹೂವು ಲಕೋಟೆಯೊಳಗೆ ಅಪ್ಪಚ್ಚಿಯಾಗುತ್ತದೆ. ಅದಕ್ಕೇ ಅಂಟನ್ನು ನಡುವೆ ಮಾತ್ರ ಹಚ್ಚಿ ಎಸಳ ತುದಿಗಳನ್ನು ಬಿಡಿಯಾಗಿ ಬಿಡುತ್ತಾರೆ. ಕಾರ್ಡು ಕೈಸೇರಿದವರು ಬೆರಳ ತುದಿಯಿಂದ ಒಂದೊಂದನ್ನೇ ಮೇಲಕ್ಕೆತ್ತಿದರೆ ಹೂವು ಮತ್ತೆ ಅರಳಿಕೊಳ್ಳುತ್ತದೆ.